ಮಾನ್ವಿ ಬಸ್ಸಿನ ರೇಡಿಯೋ ಸೀಟು

ರಾಯಚೂರಿನಿಂದ ಮಾನ್ವಿಗೆ ಹೋಗುವ ಬೆಳಗಿನ ಬಸ್ಸಿಗೆ ಕಲ್ಲೂರಿನಲ್ಲಿ ಜನ ಸಾಲಾಗಿ ನಿಂತಿರುತ್ತಾರೆ. ನಮ್ಮ ಕಡೆಯ ಬಸ್ ಸ್ಟ್ಯಾಂಡುಗಳನ್ನು ಕಂಡವರು ಈ ಮಾತನ್ನು ನಂಬಲಿಕ್ಕಿಲ್ಲ. ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು, ಇಳಿಯುವವರನ್ನು ಒಳಕ್ಕೇ ತಳ್ಳಿಕೊಂಡು ಹತ್ತುವುದು ನಮಗೆ ಯಾರೂ ಕಲಿಸದೆ ಬಂದ ವಿದ್ಯೆ. ಆದರೂ ಕಲ್ಲೂರಿನವರು ಬೇವಿನ ಗಿಡದ ಬುಡದಿಂದ ಚಹದ ಅಂಗಡಿಯ ತನಕ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಗಂಡಸರ ಕೈಯಲ್ಲಿ ಚಿಲ್ಲರೆ, ಹೆಂಗಸರ ಕೈಯಲ್ಲಿ ಗುರುತಿನ ಚೀಟಿ, ಗಂಟುಮೂಟೆ ಎಲ್ಲ ಎಡಗಡೆ. ಈಗ ಬಂದಿರುವ ಹೊಸ ಡ್ರೈವರಿಗೆ ಇದರ ಹಿಂದಿನ ಕಥೆ ಗೊತ್ತಿಲ್ಲ. ಆತ ದಿನಾ ಇಪ್ಪತ್ತು ಅಡಿ ಮುಂದೆ ಹೋಗಿ ನಿಲ್ಲಿಸುತ್ತಾನೆ. ಸಾಲು ಮುರಿದು ಎಲ್ಲರೂ ಓಡುತ್ತಾರೆ. ಮೊಸರು ಮಾರುವ ಯವ್ವ ಮಾತ್ರ ಓಡುವುದಿಲ್ಲ. ಗಡಿಗೆ ಹೊತ್ತು ಸಾವಕಾಶ ನಡೆದು ಬಂದು, ಹತ್ತುತ್ತಲೇ ಹೊಸಬನಿಗೆ ಕೇಳುವಂತೆ, "ಅಂವ ಇದ್ದಾಗ ಬಾಗಲಾ ನನ್ನ ಮೂಗಿನ ಮುಂದ ಬಂದು ನಿಲ್ತಿತ್ತು" ಎನ್ನುತ್ತಾಳೆ.

ಆ 'ಅಂವ' ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರೂ ಯಾರನ್ನೂ ಅವರವರ ಹೆಸರು ಹಿಡಿದು ಕರೆದವರಲ್ಲ, ಆದ್ದರಿಂದ ಲೆಕ್ಕ ಸರಿಹೋಯಿತು. ನಾನು ಮಾನ್ವಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು, ಮನೆ ರಾಯಚೂರು. ವರ್ಷಗಟ್ಟಲೆ ಅವರ ಬಸ್ಸಿನಲ್ಲೇ ಬೆಳಿಗ್ಗೆ ಹೋಗಿ ಸಂಜೆ ಬಂದವಳು. ನನ್ನನ್ನು ಅವರು 'ರೇಡಿಯೋ' ಎಂದು ಕರೆಯುತ್ತಿದ್ದರು. ಅದು ಯಾಕೆಂದು ಹೇಳಬೇಕಾದರೆ ಮೊದಲು ಅವರ ಹುಚ್ಚಿನ ವಿಷಯ ಹೇಳಬೇಕು.

ಅವರಿಗೆ ಕಾರ್ ರೇಸಿನ ಹುಚ್ಚು. ಹೊಟ್ಟೆ ನೆಲಕ್ಕೆ ತಾಗುವಂಥ, ಒಬ್ಬನೇ ಕೂಡುವ ಕಾರುಗಳು ಪರದೇಶದ ಊರುಗಳಲ್ಲಿ ಭರ್ರೆಂದು ಸುತ್ತು ಹಾಕುತ್ತವಲ್ಲ, ಆ ರೇಸು. ರಾಯಚೂರು ಜಿಲ್ಲೆಯಲ್ಲಿ ಈ ಹುಚ್ಚು ಹಿಡಿದವರು ಅವರೊಬ್ಬರೇ ಇರಬೇಕು. ಹಿಡಿದದ್ದು ಅವರ ಹುಟ್ಟೂರು ದೇವದುರ್ಗದ ಒಂದು ಟಿ.ವಿ. ರಿಪೇರಿ ಅಂಗಡಿಯಲ್ಲಿ. ರಿಪೇರಿಯಾದ ಸೆಟ್ಟು ಸರಿ ಓಡುತ್ತದೋ ಇಲ್ಲವೋ ನೋಡಲು ಅಂಗಡಿಯವನು ಯಾವುದೋ ಚಾನೆಲ್ ಹಾಕಿಟ್ಟು ಊಟಕ್ಕೆ ಹೋಗಿದ್ದನಂತೆ. ಇವರು ತಮ್ಮ ಟಿ.ವಿ. ಒಯ್ಯಲು ಬಂದವರು ಸುಮ್ಮನೆ ಕೂತಿದ್ದರು. ತೆರೆಯ ಮೇಲೆ ಒಂದು ಕಾರು ಓಡಿ ಬಂದು ನಿಂತಿತು, ಹತ್ತಿಪ್ಪತ್ತು ಜನ ಮುತ್ತಿದರು, ಕಾರು ಹೋಯಿತು. ಅಷ್ಟರಲ್ಲಿ ನಾಲ್ಕೂ ಗಾಲಿ ಬದಲಾಗಿದ್ದವು.

"ಒಂದು ಸ್ಟೆಪ್ನಿ ಹಾಕಾಕ ನಾವು ಜಾಕ್ ಹುಡುಕಿ, ಪಾನಾ ಹುಡುಕಿ, ನಟ್ ಕಳಕೊಂಡು ಒಂದು ತಾಸು ಮಾಡ್ತೀವಿ. ಇವರು ನಾನು ಕೆಮ್ಮೂದ್ರಾಗ ನಾಲ್ಕೂ ಹಾಕಿ ಕಳಿಸಿಬಿಟ್ರು ನೋಡ್ರಿ! ನಾನು ಎದ್ದು ನಿಂತುಬಿಟ್ಟೆ," ಎಂದು ಅವರು ಈ ಕಥೆಯನ್ನು ಹೇಳಿದಾಗಲೆಲ್ಲ ಸ್ಟೇರಿಂಗಿನ ಹಿಂದೆ ಕೂತಲ್ಲೇ ಅರ್ಧ ಎದ್ದು ತೋರಿಸುತ್ತಿದ್ದರು.

ಅಂದಿನಿಂದ ಅವರಿಗೆ ಭಾನುವಾರದ ಸಂಜೆ ಬೇರೆ ಯಾವ ಕೆಲಸಕ್ಕೂ ಇರಲಿಲ್ಲ. ಡಿಪೋದಲ್ಲಿ ಯಾರಿಗೆ ಯುಗಾದಿಗೆ ರಜೆ ಬೇಕು, ಯಾರಿಗೆ ದಸರೆಗೆ ಬೇಕು, ಯಾರ ಮನೆಯಲ್ಲಿ ಸೀಮಂತ, ಎಲ್ಲರ ಡ್ಯೂಟಿಯನ್ನೂ ತಾವು ಮಾಡುತ್ತಿದ್ದರು. ಬದಲಿಗೆ ರೇಸಿರುವ ಭಾನುವಾರ ಬಿಡುವು ಕೊಟ್ಟರಾಯಿತು. ಅವರ ಮನೆಯವರು ಒಮ್ಮೆ ನನ್ನೆದುರೇ ಅಂದರು: "ಊರಾಗಿನ ಹಬ್ಬಾ ಎಲ್ಲಾ ಮಂದಿಗೆ ಕೊಟ್ಟು, ಐತವಾರ ಒಂದು ತಗೊಂಡು ಬಂದಾರ್ರೀ. ಹೋಳಿಗಿ ಮಾಡಿದ್ರ ತಿನ್ನಾಕ ನಾ ಒಬ್ಬಾಕಿ." ಗಂಡ ಇದಕ್ಕೆ ನಾಚಿಕೊಂಡಂತೆ ಕಾಣಲಿಲ್ಲ. ಹೋಳಿಗೆ ಮರುದಿನ ಹೆಚ್ಚು ರುಚಿ ಎಂದು ವಾದಿಸಿದರು.

ರೇಸಿನ ಡ್ರೈವರುಗಳ ಹೆಸರು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ, ಹೊರಳಿಸುವ ಗೋಜಿಗೂ ಅವರು ಹೋಗಲಿಲ್ಲ. ಎಲ್ಲರಿಗೂ ನಮ್ಮ ಕಡೆಯ ಹೆಸರು ಇಟ್ಟುಬಿಟ್ಟಿದ್ದರು. ಎಂದೂ ಅಪಾಯಕ್ಕೆ ಕೈಹಾಕದೆ, ಪ್ರತಿ ರೇಸಿನಲ್ಲೂ ಮೂರನೆಯದೋ ನಾಲ್ಕನೆಯದೋ ಸ್ಥಾನ ಹಿಡಿದು ವರ್ಷದ ಕೊನೆಗೆ ದೊಡ್ಡ ಗಂಟು ಕಟ್ಟುವ ಒಬ್ಬನಿದ್ದ, ಅವನು ಮಂಡಿಯ ದಲ್ಲಾಳಿ, 'ಅಡತ್ಯಾ'. ಒಳ್ಳೆಯ ಕಾರು ಕೊಟ್ಟರೂ ಮುಖ ಊದಿಸಿಕೊಂಡು ಅದು ಸರಿ ಇಲ್ಲ, ಇದು ಸರಿ ಇಲ್ಲ ಅನ್ನುವವನು 'ಹೊಸ ಅಳಿಯ'. ಒಂದು ತಂಡಕ್ಕೆ 'ಮದುವಿ ಮನಿ' ಎಂದು ಹೆಸರು. ಜನ ಬೇಕಾದಷ್ಟು, ಗದ್ದಲ ಬೇಕಾದಷ್ಟು, ತಾಳಿ ಎಲ್ಲಿಟ್ಟಿದ್ದೇವೆ ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ ಎನ್ನುವುದು ಅವರ ವಿವರಣೆ. ಆದರೂ ಅವರ ಪ್ರೀತಿ ಅದೇ ತಂಡದ ಮೇಲೆ. ಅದು ಸೋತ ಸೋಮವಾರ ಬಸ್ಸಿನಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಅಪಘಾತವಾದಾಗ ಮುಂದೆ ಒಂದು ಕಾರು ಬಂದು ಎಲ್ಲರನ್ನೂ ನಿಧಾನ ಮಾಡಿಸುತ್ತದಲ್ಲ, ಅದಕ್ಕೆ 'ಮಂತ್ರಿ ಗಾಡಿ' ಅನ್ನುತ್ತಿದ್ದರು. "ಅಂವ ಮುಂದ ಹೊಂಟ್ರ ಹಿಂದಿನವರು ಎಷ್ಟ ದೊಡ್ಡವರಿದ್ರೂ ತೆಪ್ಪಗ ಹೋಗಬೇಕು. ನಮ್ಮಲ್ಲೂ ಹಂಗ, ಅಲ್ಲೂ ಹಂಗ."

ಗೆದ್ದವರು ಬಾಟಲಿ ಅಲುಗಾಡಿಸಿ ಒಬ್ಬರ ಮೇಲೊಬ್ಬರು ಎರಚಿಕೊಳ್ಳುವುದು ಅವರಿಗೆ ಸುತರಾಂ ಸೇರುತ್ತಿರಲಿಲ್ಲ. ಕುಡಿಯದ ಮನುಷ್ಯ. ಆದರೂ, "ಯಾರಿಗರೆ ಕೊಟ್ಟಿದ್ರ ಕುಡೀತಿದ್ರು" ಎಂದು ಮರುಗುತ್ತಿದ್ದರು.

ಇಂಥ ರೇಸಿನ ಹುಚ್ಚ ಬಸ್ಸನ್ನು ಹೇಗೆ ಓಡಿಸುತ್ತಿದ್ದಿರಬೇಕು ಎಂದು ನೀವು ಊಹಿಸಿದರೆ ಊಹೆ ತಪ್ಪುತ್ತದೆ. ಅವರಷ್ಟು ನಿಧಾನದ ಡ್ರೈವರನ್ನು ನಾನು ಕಂಡಿಲ್ಲ. ಹತ್ತಿ ತುಂಬಿದ ಲಾರಿಗಳು ಹೊಟ್ಟೆ ಬಿಟ್ಟುಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದವು. ಮೂರು ಮೂರು ಮಂದಿ ಕೂತ ಬೈಕುಗಳು ದಾಟುತ್ತಿದ್ದವು. ಒಮ್ಮೆ ಭತ್ತದ ಟ್ರ್ಯಾಕ್ಟರ್ ಕೂಡ ದಾಟಿತು, ಅದರ ಮೇಲೆ ಕೂತವರು ನಮಗೆ ಕೈ ಬೀಸಿದರು. ನಮ್ಮ ಕಂಡಕ್ಟರ್ ತಲೆ ಚಚ್ಚಿಕೊಂಡ. ಇವರು ಮಾತ್ರ ಅಲುಗಾಡಲಿಲ್ಲ.

"ಜೋರ್ ಹೊಡಿಯೂದಕ್ಕ ಯಾರೂ ರೇಸ್ ಅನ್ನಂಗಿಲ್ಲ. ಟೈಮ್ ಹೋಗೂದು ರೋಡ್ ಮ್ಯಾಲ ಅಲ್ರಿ, ನಿಂತಲ್ಲೆ. ಇವರು ಮೂರು ಕಿಲೋಮೀಟರ್ ಹಾರಿ ಹೋಗಿ, ಮುಂದಿನ ಸ್ಟಾಪಿನ್ಯಾಗ ಹತ್ತು ಮಿನಿಟು ಜಗಳಾ ಮಾಡ್ಕೋತ ನಿಲ್ತಾರ. ನಾ ಬರ್ತೀನಿ, ನಿಲ್ಲಸ್ತೀನಿ, ಹೋಗ್ತೀನಿ. ಮಾನ್ವಿಗೆ ಯಾರು ಮೊದಲು ಹೋಗ್ತಾರ ನೋಡ್ರಿ."

ಕಲ್ಲೂರಿನ ಸಾಲು ಹುಟ್ಟಿದ್ದು ಈ ಸಿದ್ಧಾಂತದಿಂದ. ಒಂದು ದಿನ ಬಸ್ಸು ನಿಲ್ಲಿಸಿ, ಕೆಳಗಿಳಿದು, ಬೇವಿನ ಗಿಡದ ಬುಡದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದರಂತೆ. "ನನ್ನ ಬಾಗಲಾ ದಿನಾ ಇಲ್ಲೇ ಬರ್ತದ. ಒಂದು ಗೇಣು ಆಚಿ ಈಚಿ ಆದ್ರ ನನಗ ಬೈರಿ. ಆದ್ರ ನೀವು ಸಾಲು ಬಿಟ್ರ ನಾ ಬಾಗಲಾ ತೆಗ್ಯಂಗಿಲ್ಲ." ಮೂರು ದಿನ ತೆಗೆಯಲಿಲ್ಲ. ಮೂರೂ ದಿನ ಬೈಸಿಕೊಂಡರು. ನಾಲ್ಕನೆಯ ದಿನ ಮೊಸರಿನ ಯವ್ವ ಗೆರೆಯ ಮೇಲೆ ನಿಂತು ಉಳಿದವರನ್ನು ಹಿಂದೆ ನಿಲ್ಲಿಸಿದಳು. ಆಮೇಲೆ ಆ ಊರಿಗೇ ಅದರ ಚಟ ಹಿಡಿಯಿತು. ಹತ್ತುವವರು ಮುಂದಿನ ಬಾಗಿಲು, ಇಳಿಯುವವರು ಹಿಂದಿನದು, ಗಂಟು ಮೊದಲು, ಮನುಷ್ಯ ಆಮೇಲೆ. ಹತ್ತಲು ಎಷ್ಟು ಹೊತ್ತು ಹಿಡಿಯಿತೆಂದು ಅವರು ವಾಚು ನೋಡಿ ದಿನಾ ಕೂಗಿ ಹೇಳುತ್ತಿದ್ದರು. "ಇವತ್ತು ಭಾಳ ಛಲೋ ಆತು!" ಎಂದರೆ ಹತ್ತಿದವರೆಲ್ಲ ಪರೀಕ್ಷೆ ಪಾಸಾದವರ ಹಾಗೆ ನಗುತ್ತಿದ್ದರು.

ಒಂದು ದಿನ ತುಂಬಾ ಛಲೋ ಆಗಿ ಕಂಡಕ್ಟರನ್ನೇ ಬಿಟ್ಟು ಹೊರಟರು. ಆತ ಚಹ ಕುಡಿಯಲು ಇಳಿದಿದ್ದ. ಡಬಲ್ ಬೆಲ್ ಹೊಡೆದದ್ದು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ, ಮೊಸರಿನ ಯವ್ವನ ಮೇಲೆ ನನಗೆ ಅನುಮಾನ. ನಾಲ್ಕು ಕಿಲೋಮೀಟರ್ ಆದ ಮೇಲೆ ಕಂಡಕ್ಟರ್ ಯಾರದೋ ಬೈಕಿನ ಹಿಂದೆ ಕೂತು, ಟಿಕೆಟ್ ಮಷೀನು ಎತ್ತಿ ಬೀಸುತ್ತ, ಬಾಯಿಗೆ ಬಂದದ್ದು ಬೈಯುತ್ತ ಬಂದು ಬಸ್ಸು ತಡೆದ. ಇವರು ತಣ್ಣಗೆ, "ರೇಸಿನ್ಯಾಗ ಯಾರಿಗೂ ಕಾಯಂಗಿಲ್ಲಪಾ" ಎಂದರು. ಸಂಜೆ ಅವನಿಗೆ ಎರಡು ಚಹ ಕುಡಿಸಿ ಸಮಾಧಾನ ಮಾಡಬೇಕಾಯಿತು.

ಇನ್ನು ನನ್ನ ಹುದ್ದೆಯ ವಿಷಯ. ಬಸ್ಸಿನಲ್ಲಿ ಎಂಜಿನ್ ಪೆಟ್ಟಿಗೆಯ ಎಡಕ್ಕೆ, ಡ್ರೈವರಿನ ಸಮಕ್ಕೆ ಒಂದು ಒಂಟಿ ಸೀಟು ಇತ್ತು. ಕಾವಿಗೆ ಹೆದರಿ ಅಲ್ಲಿ ಯಾರೂ ಕೂಡುತ್ತಿರಲಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ಹೊರಗಿನ ಕಾವೇ ಸಾಕು, ಎಂಜಿನ್ನಿನದು ಬೇರೆ ಯಾಕೆ? ಕೆಲಸಕ್ಕೆ ಸೇರಿದ ಮೊದಲ ವಾರ ಬೇರೆ ಜಾಗ ಸಿಗದೆ ನಾನು ಅಲ್ಲಿ ಕೂತೆ.

"ಏನ್ ಮಾಡ್ತೀರಿ?" ಎಂದು ಕೇಳಿದರು.

"ಕಾಲೇಜಿನ್ಯಾಗ ಇತಿಹಾಸ ಹೇಳ್ತೀನ್ರಿ."

"ಹಂಗಾದ್ರ ಮಾತಾಡಾಕ ಬರ್ತದ. ಇನ್ನ ಮ್ಯಾಲ ಇಲ್ಲೇ ಕೂಡ್ರಿ. ನೀವು ನನ್ನ ರೇಡಿಯೋ."

ರೇಸಿನ ಡ್ರೈವರನ ಕಿವಿಯಲ್ಲಿ ಒಂದು ರೇಡಿಯೋ ಇರುತ್ತದಂತೆ. ಹಿಂದೆ ಯಾರು ಬರುತ್ತಿದ್ದಾರೆ, ಮುಂದೆ ಏನಾಗಿದೆ, ಟೈರು ಎಷ್ಟು ಸವೆದಿದೆ ಎಂದು ತಂಡದವನೊಬ್ಬ ರೇಸಿನ ದಾರಿಯಂಚಿನ ಗೋಡೆಯ ಪಕ್ಕ ಕೂತು ಹೇಳುತ್ತಿರುತ್ತಾನೆ. ಅದೇ ನನ್ನ ಕೆಲಸ. ನಾನು ಹುರುಪಿನಿಂದ ಶುರು ಮಾಡಿದೆ. "ಎಡಗಡೆ ಒಂದು ಎಮ್ಮಿ ಅದರಿ, ಹಿಂದ ಇನ್ನೊಂದು ಬರಾಕತ್ತದ, ಕಾಯಾಕ ಯಾರೂ ಕಾಣಂಗಿಲ್ಲ, ಬಹುಶಃ ಕೆರಿಯಿಂದ..." ಎನ್ನುವಷ್ಟರಲ್ಲಿ ಬಸ್ಸು ಎರಡೂ ಎಮ್ಮೆಗಳನ್ನು ದಾಟಿರುತ್ತಿತ್ತು. "ಎಮ್ಮಿದು ಇತಿಹಾಸ ಬ್ಯಾಡ್ರಿ ಮೇಡಂ," ಎಂದು ಗದರಿದರು. "ಎಡಕ್ಕೋ ಬಲಕ್ಕೋ, ಅಷ್ಟ ಹೇಳ್ರಿ." ಅವರ ಕೈಕೆಳಗೆ ನಾನು ಚುಟುಕಾಗಿ ಮಾತಾಡಲು ಕಲಿತೆ. ನನ್ನ ವಿದ್ಯಾರ್ಥಿಗಳು ಅದಕ್ಕಾಗಿ ಅವರಿಗೆ ಋಣಿಯಾಗಿರಬೇಕು.

ಇದೆಲ್ಲ ಆಟವೇ. ನಾನು "ಬಲಕ್ಕ ಆಟೋ" ಎಂದರೆ, "ಆ ಆಟೋದಾಗ ಎಷ್ಟು ಮಂದಿ ಕುಂತಾರಂತ ಎಣಿಸಿ ಮುಗಿಸೀನಿ, ಈಗ ಹೇಳ್ತೀರಿ?" ಎಂದು ಹಂಗಿಸುತ್ತಿದ್ದರು. ನಾನು ನೋಡುವುದಕ್ಕಿಂತ ಎರಡು ಫರ್ಲಾಂಗು ಮೊದಲೇ ಅವರು ನೋಡಿರುತ್ತಿದ್ದರು. ಸುಗ್ಗಿಯಲ್ಲಿ ನಮ್ಮ ರೈತರು ಅರ್ಧ ರಸ್ತೆಗೆ ಭತ್ತ ಹರವಿ, ಗಾಡಿಗಳು ಹಾಯದ ಹಾಗೆ ಅಂಚಿಗೆ ಕಲ್ಲು ಸಾಲಿಡುತ್ತಾರಲ್ಲ, ಆ ಕಲ್ಲುಗಳನ್ನು ಅವರು ಊರ ಹೊರಗಿನಿಂದಲೇ ಗುರುತಿಸಿ ಬಸ್ಸನ್ನು ನಾಜೂಕಾಗಿ ದಾಟಿಸುತ್ತಿದ್ದರು. ಒಂದು ಕಾಳೂ ಗಾಲಿಗೆ ಸಿಗುತ್ತಿರಲಿಲ್ಲ.

ಆಟದಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಡ್ರೈವರ್ ರೇಡಿಯೋದ ಜೊತೆ ಏನು ಬೇಕಾದರೂ ವಾದ ಮಾಡಬಹುದು. ಬೈಯಬಹುದು, ಸುಮ್ಮನಿರು ಅನ್ನಬಹುದು. ಆದರೆ ರೇಡಿಯೋ "ಒಳಗ ಬಾ" ಎಂದರೆ ಬರಬೇಕು. ರೇಸಿನ ದಾರಿ ಬಿಟ್ಟು ತಂಡದ ಶೆಡ್ಡಿಗೆ ಬಾ ಎಂದು ಅದರ ಅರ್ಥ. ಗೆಲ್ಲುತ್ತಿದ್ದರೂ ಸೈ, ಬರಬೇಕು. "ಗಾಡಿ ಒಳಗಿದ್ದಾಂವಗ ಬರೇ ರೋಡ್ ಕಾಣ್ತದ. ಹೊರಗಿದ್ದಾಂವಗ ಗಾಡಿ ಕಾಣ್ತದ. ಅದಕ್ಕ ಅವನ ಮಾತು ಕೇಳಬೇಕು," ಎನ್ನುತ್ತಿದ್ದರು. ಹಾಗೆ ಕರೆದಾಗ ಕೇಳದೆ ಓಡಿಸಿ, ಟೈರು ಹರಿದುಕೊಂಡು ನಿಂತ ಡ್ರೈವರುಗಳನ್ನು ಅವರು ಜನ್ಮದಲ್ಲಿ ಕ್ಷಮಿಸಲಿಲ್ಲ.

ಅವರು ಕ್ಷಮಿಸದ ಇನ್ನೊಬ್ಬನಿದ್ದ. 'ಮುತ್ಯಾ', ಅಂದರೆ ಅಜ್ಜ. ಒಂದು ಕಾಲಕ್ಕೆ ಎಲ್ಲ ಗೆದ್ದ ಡ್ರೈವರ್, ಈಗ ವಯಸ್ಸಾಗಿ ಪ್ರತಿ ರೇಸಿನಲ್ಲೂ ಕೊನೆಯ ಸಾಲಿನಲ್ಲಿ ಓಡಿಸುತ್ತಿದ್ದ. ಅವನನ್ನು ಕಂಡರೆ ನಮ್ಮ ಡ್ರೈವರಿಗೆ ಮೈಯೆಲ್ಲ ಉರಿ. "ಗೆದ್ದಿ, ಗಳಿಸಿದಿ, ಹೆಸರು ಮಾಡಿದಿ. ಇಳಿಯಲೇ ಅಂದ್ರ ಇಳೀವಲ್ಲ. ಹುಡುಗರ ದಾರಿಗೆ ಅಡ್ಡ ನಿಂತಾನ. ಮರ್ಯಾದಿ ಇದ್ದ ಮನಷ್ಯಾಗ ಇದು ಯಾರರೆ ಹೇಳಬೇಕೇನ್ರಿ?" ಸೋಮವಾರದ ಬಸ್ಸಿನಲ್ಲಿ ಮುತ್ಯಾನಿಗೆ ಕಲ್ಲೂರಿನ ತನಕ ಬೈಗುಳ ಇದ್ದದ್ದೇ. ಮುತ್ಯಾ ಯಾರೆಂದು ಗೊತ್ತಿಲ್ಲದ ಹಿಂದಿನ ಸೀಟಿನವರೂ ಹೌದು ಹೌದು ಎನ್ನುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಬಸ್ಸು ಭತ್ತದ ಕಲ್ಲುಗಳ ಮೇಲೆ ಹಾಯಿತು. ದಡ ದಡ ದಡ ಎಂದು ಎಲ್ಲರ ಹಲ್ಲು ಅಲುಗಿದವು. ಟೈರಿನ ಗಾಳಿ ಸರಿ ಇಲ್ಲ ಎಂದರು. ನಾವು ನಂಬಿದೆವು. ಆಮೇಲೆ ಮಾನ್ವಿಯಿಂದ ಹಿರೇಕೊಟ್ನೆಕಲ್‌ಗೆ ಹೋಗಿ ಬರುವ ಮಧ್ಯಾಹ್ನದ ಟ್ರಿಪ್ಪನ್ನು ಬೇರೆ ಡ್ರೈವರಿಗೆ ಬದಲಿ ಕೊಟ್ಟರು. ವಯಸ್ಸಾಯಿತು, ಊಟವಾದ ಮೇಲೆ ನಿದ್ದೆ ಬರುತ್ತದೆ ಎಂದರು. ಅದನ್ನೂ ನಂಬಿದೆವು. ಪರೀಕ್ಷೆಯ ಕೆಲಸಕ್ಕೆ ನಾನು ಎರಡು ದಿನ ರಾಯಚೂರಲ್ಲೇ ಉಳಿದೆ. ಮೂರನೆಯ ದಿನ ಕಂಡಕ್ಟರ್ ಚೇಷ್ಟೆ ಮಾಡಿದ: "ನೀವು ಬರಲಿಲ್ಲಂದ್ರ ಸಾಹೇಬ್ರಿಗೂ ಜ್ವರ ಬರ್ತಾವ ನೋಡ್ರಿ. ಎರಡೂ ದಿನ ರಜಾ!" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಇನ್ನೊಂದು ಬದಲಾವಣೆಯನ್ನು ನಾನೊಬ್ಬಳೇ ಗಮನಿಸಿದ್ದೆ, ಗಮನಿಸಿ ಬೀಗಿದ್ದೆ. ಅವರು ನನ್ನನ್ನು ಹಂಗಿಸುವುದು ಬಿಟ್ಟಿದ್ದರು. ನಾನು ಉತ್ತರ ಪತ್ರಿಕೆ ತೆಗೆದುಕೊಂಡು ಕೂತರೆ, "ರೇಡಿಯೋ, ಯಾಕ ಸುಮ್ಮನಾದ್ರಿ?" ಎಂದು ಕೇಳುತ್ತಿದ್ದರು. ಎಡಕ್ಕೆ ಎಂದರೆ ಮರುಮಾತಿಲ್ಲದೆ ಬಲಕ್ಕೆ ಸರಿಯುತ್ತಿದ್ದರು. ಇಷ್ಟು ವರ್ಷಕ್ಕೆ ನಾನು ಪಳಗಿದ ರೇಡಿಯೋ ಆದೆ, ಗುರುಗಳು ಒಪ್ಪಿಕೊಂಡರು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಓದಿದವರ ದಡ್ಡತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇತಿಹಾಸದಲ್ಲೂ ಸಿಕ್ಕಿಲ್ಲ.

ಆ ದಿನ ಗುರುವಾರ. ಬೆಳಗಿನ ಬಿಸಿಲು ಸ್ವಚ್ಛವಾಗಿ ಬಿದ್ದಿತ್ತು. ಕಲ್ಲೂರು ಇನ್ನೂ ನಾಲ್ಕೈದು ಕಿಲೋಮೀಟರ್ ಇದ್ದಿರಬೇಕು. ರಸ್ತೆ ನೆಟ್ಟಗೆ, ಖಾಲಿ. ಒಂದು ನಾಯಿಯೂ ಇರಲಿಲ್ಲ. ಎಷ್ಟೋ ದಿನದಿಂದ ಅವರ ಬಾಯಿಂದ ಬೈಗುಳ ಕೇಳದೆ ನನಗೆ ಬೇಜಾರಾಗಿತ್ತು. ಕೆಣಕಬೇಕು ಎನಿಸಿತು.

"ಎಡಕ್ಕ ಎಮ್ಮಿ," ಎಂದೆ.

ಎಲ್ಲಿ ಅದ, ನಿಮ್ಮ ತಲ್ಯಾಗ ಅದೇನು ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ. ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟರು. ಗೇರು ಇಳಿಸಿದರು. ಬಸ್ಸನ್ನು ಬಲಕ್ಕೆ ತಂದು, ಇಲ್ಲದ ಎಮ್ಮೆಗೆ ತಾಗದ ಹಾಗೆ, ಆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ದಾಟಿಸತೊಡಗಿದರು. ಆಮೇಲೆ ಕತ್ತು ಹೊರಳಿಸದೆ, ಮೆಲ್ಲಗೆ ಕೇಳಿದರು:

"ಹೋತೇನ್ರಿ?"

"ಹೋತ್ರಿ," ಎಂದೆ.

ಹಿಂದೆ ನಲವತ್ತು ಜನ ಇದ್ದರು. ಯಾರೋ ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ಕಂಡಕ್ಟರ್ ಯಾರ ಜೊತೆಗೋ ಹತ್ತಿಯ ರೇಟು ಮಾತಾಡುತ್ತಿದ್ದ. ಕಲ್ಲುಗಳು, ಬಿಟ್ಟ ಟ್ರಿಪ್ಪು, ಎರಡು ದಿನದ ಜ್ವರ ಎಲ್ಲವೂ ಒಮ್ಮೆಗೇ ನನ್ನ ಮುಂದೆ ಬಂದು ನಿಂತವು. ತಿಂಗಳಿಂದ ಈ ಬಸ್ಸನ್ನು ಓಡಿಸುತ್ತಿದ್ದದ್ದು ಅವರ ಕಣ್ಣಲ್ಲ, ನನ್ನ ಬಾಯಿ. ನಾನು ಒಂದು ದಿನ ತೂಕಡಿಸಿದ್ದರೆ? ಉತ್ತರ ಪತ್ರಿಕೆಯಲ್ಲಿ ಮುಳುಗಿದ್ದರೆ? ನನಗೆ ಮೊದಲು ಬಂದದ್ದು ಕರುಣೆಯಲ್ಲ, ಸಿಟ್ಟು. ಅದರ ಬೆನ್ನಿಗೇ ಹೆದರಿಕೆ ಬಂತು. ಆಮೇಲೆ ಅವರ ಮುಖ ನೋಡಿದೆ. ಕಣ್ಣು ಕಿರಿದು ಮಾಡಿಕೊಂಡು, ಗಲ್ಲ ಮುಂದೆ ಚಾಚಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಆ ಮುಖಕ್ಕೆ ಏನು ಹೇಳುವುದು? ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಸ್ಟೇರಿಂಗ್ ಹೋದರೆ ಅವರ ಬಳಿ ಏನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದರೆ ಅವರು ಇನ್ನೆಂದೂ ನನ್ನ ಮುಖ ನೋಡಲಿಕ್ಕಿಲ್ಲ ಎಂದೂ ಅನ್ನಿಸಿತು.

ಎರಡು ಕಿಲೋಮೀಟರ್ ನಾನು ಎಡ ಬಲ ಹೇಳುತ್ತಲೇ ಇದ್ದೆ. ಕಲ್ಲೂರಿನ ಮನೆಗಳು ಕಂಡವು.

"ಒಳಗ ಬರ್ರಿ," ಎಂದೆ.

ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಇನ್ನೊಮ್ಮೆ ಹೇಳುವ ಧೈರ್ಯ ನನಗೆ ಇರಲಿಲ್ಲ. ಒಂದು ಕ್ಷಣ ಬಿಟ್ಟು ಅವರ ಬಾಯಿಂದ ಬಂದದ್ದು ಒಂದೇ ಮಾತು: "ಕಲ್ಲೂರು ಎಷ್ಟು ದೂರ?"

"ಮುಂದ ಅದರಿ. ಎಡಕ್ಕ. ಗಿಡ ಬಂತು. ನಿಧಾನ. ಇನ್ನ ಜರಾ. ಸಾಕ್ರಿ."

ಬಾಗಿಲು ಮೊಸರಿನ ಯವ್ವನ ಮೂಗಿನ ಮುಂದೆ ನಿಂತಿತು. ಎಂಜಿನ್ ಬಂದ್ ಮಾಡಿದರು. ಕಲ್ಲೂರಿನ ಸ್ಟಾಪಿನಲ್ಲಿ ಅವರು ಎಂಜಿನ್ ಬಂದ್ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ, ಆದ್ದರಿಂದ ಸಾಲಿನಲ್ಲಿದ್ದವರು ಹತ್ತದೆ ನಿಂತೇ ಇದ್ದರು. ಅವರು ಕೆಳಗಿಳಿದು, ಬಸ್ಸಿನ ಮೈ ಮೇಲೆ ಕೈ ಸವರಿಕೊಂಡು ಮುಂದಿನ ಗಾಲಿಯ ತನಕ ಬಂದು ನಿಂತರು.

"ಯಾಕ ಯಪ್ಪಾ, ಏನಾತು?" ಎಂದಳು ಮೊಸರಿನ ಯವ್ವ.

"ಒಳಗ ಕರದಾರ ಯವ್ವಾ," ಎಂದರು. ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ಗಡಿಗೆ ಇಳಿಸಿ, ತನ್ನ ಸೆರಗಿನಿಂದ ಬೇವಿನ ಕಟ್ಟೆ ಒರೆಸಿ ಅವರನ್ನು ಕೂಡಿಸಿದಳು.

ಕಂಡಕ್ಟರ್ ಡಿಪೋಕ್ಕೆ ಫೋನ್ ಮಾಡಿದ. ಹಿಂದಿನ ಬಸ್ಸು ಬಂದಾಗ ನಾವೆಲ್ಲ ಅದಕ್ಕೆ ಹತ್ತಿದೆವು. ಹೋಗುವಾಗ ಮಾತಾಡಿಸಲು ಹತ್ತಿರ ಹೋದೆ. ಅವರು ನನ್ನ ಕಡೆ ನೋಡಲಿಲ್ಲ. ಮರುದಿನ ತಾವಾಗಿ ಡಿಪೋಕ್ಕೆ ಹೋಗಿ, ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ, ಇನ್ನು ಬಸ್ಸು ಓಡಿಸಲಾರೆ ಎಂದು ಬರೆದುಕೊಟ್ಟರೆಂದು ಕಂಡಕ್ಟರ್ ಹೇಳಿದ. ಉಳಿದ ಎರಡು ವರ್ಷಕ್ಕೆ ಅವರನ್ನು ಟೈರಿನ ಶೆಡ್ಡಿಗೆ ಹಾಕಿದರು. ಅಲ್ಲಿ ಟೈರನ್ನು ಕೈಯಿಂದ ಮುಟ್ಟಿಯೇ ಸವೆತ ಹೇಳುತ್ತಿದ್ದರಂತೆ. ಶೆಡ್ಡಿನ ಹುಡುಗರಿಗೆ ವಾಚು ಹಿಡಿದು ಗಾಲಿ ಬದಲಿಸುವುದನ್ನು ಕಲಿಸಲು ಹೋಗಿ ಒಂದು ದಿನ ದೊಡ್ಡ ಜಗಳವೂ ಆಯಿತಂತೆ. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಆದರೆ ಅವರ ಮನೆಗೆ ಹೋಗುವ ಧೈರ್ಯ ಬರಲು ನಾಲ್ಕು ತಿಂಗಳು ಬೇಕಾಯಿತು. ರೇಸಿರುವ ಭಾನುವಾರವನ್ನೇ ನೋಡಿಕೊಂಡು ಹೋದೆ. ರಾಯಚೂರಿನ ಸ್ಟೇಷನ್ ಕಡೆಯ ಎರಡು ಕೋಣೆಯ ಮನೆ. ಅವರು ಟಿ.ವಿ.ಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ, ಸ್ಟೂಲು ಹಾಕಿಕೊಂಡು ಕೂತಿದ್ದರು. ನನ್ನ ದನಿ ಕೇಳಿ, "ರೇಡಿಯೋ ಬಂತೇನು? ಬರ್ರಿ. ಇಲ್ಲೇ ಎಡಕ್ಕ ಕೂಡ್ರಿ" ಎಂದರು. ಅವರ ಮನೆಯವರು ನನಗೊಂದು ತಟ್ಟೆಯಲ್ಲಿ ಮಂಡಾಳ ಒಗ್ಗರಣೆ ತಂದಿಟ್ಟರು.

ಅರ್ಧ ರೇಸು ಮುಗಿದ ಮೇಲೆ ನಾನು ಬಾಯಿ ಬಿಟ್ಟೆ. "ಅವತ್ತು ಎಮ್ಮಿ ಇದ್ದಿಲ್ರಿ. ನಾ ಸುಳ್ಳು ಹೇಳಿದ್ದೆ."

"ಗೊತ್ತದ," ಎಂದರು. "ನೀವು 'ಹೋತು' ಅಂದ ದನಿಯಾಗ ಗೊತ್ತಾತು."

"ನನ್ನ ಮ್ಯಾಲ ಸಿಟ್ಟದೇನ್ರಿ?"

"ಅದ. ಭಾಳ ತಡಾ ಮಾಡಿದ್ರಿ." ಟಿ.ವಿ.ಯ ಸದ್ದು ಕಡಿಮೆ ಮಾಡಿದರು. "ಒಂದು ತಿಂಗಳು ಕಾದೀನಿ. ದಿನಾ ಬೆಳಿಗ್ಗಿ ಗಾಡಿ ಚಾಲೂ ಮಾಡುವಾಗ, ಇವತ್ತು ಈಕಿ 'ಒಳಗ ಬಾ' ಅಂತಾಳ, ಇವತ್ತು ಅಂತಾಳ ಅಂತ. ನೀವು ನೋಡಿದ್ರ ಎಮ್ಮಿ ಎಣಿಸ್ಕೋತ ಕುಂತ್ರಿ."

ನನಗೆ ಹಳೆಯ ಸಿಟ್ಟು ನೆತ್ತಿಗೇರಿತು. "ನೀವಾ ಇಳೀಬೇಕಿತ್ತಲ್ರಿ! ಹಿಂದ ನಲವತ್ತು ಮಂದಿ ಇದ್ರು. ಕೂಸು ಇದ್ವು. ನಾ ಏನರೆ ಮಲಗಿಬಿಟ್ಟಿದ್ರ?"

ಅವರು ವಾದ ಮಾಡಲಿಲ್ಲ. "ಇಳೀಬೇಕಿತ್ತು. ಅದು ನನ್ನ ತಪ್ಪು, ಸಾಯೂತನಕ ನನ್ನ ತಪ್ಪ. ದಿನಾ ಇಳೀತೀನಿ ಅಂತನ ಹತ್ತಿದೆ ತಂಗಿ. ಕುಂತ ಮ್ಯಾಲ ಆಗಲಿಲ್ಲ." ಅವರ ಮನೆಯವರು ಅಡುಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ನಮ್ಮ ಡ್ರೈವರು ನನಗೆ 'ತಂಗಿ' ಎಂದದ್ದು ಅದೇ ಮೊದಲು.

ಟಿ.ವಿ.ಯಲ್ಲಿ ಮುತ್ಯಾ ಬಂದ. ಎಲ್ಲರಿಗಿಂತ ಹಿಂದೆ, ಒಬ್ಬನೇ ಓಡಿಸುತ್ತಿದ್ದ. ಮುಂದಿನವರು ಒಂದು ಸುತ್ತು ಹೆಚ್ಚು ಹಾಕಿ ಅವನನ್ನು ದಾಟುತ್ತಿದ್ದರು. ಇನ್ನೇನು ಬೈಗುಳ ಶುರುವಾಗುತ್ತದೆ, ಮಾತು ತಿಳಿಯಾಗುತ್ತದೆ ಎಂದು ನಾನು ಕಾದೆ.

"ಯಾರದು, ಹಿಂದ?" ಎಂದು ಕೇಳಿದರು.

"ಮುತ್ಯಾರಿ."

ಅವರು ಇನ್ನಷ್ಟು ಮುಂದೆ ಬಾಗಿ, ತೆರೆಯ ಆ ಮೂಲೆಯಲ್ಲಿ ಕಣ್ಣಿಟ್ಟು ನೋಡಿದರು. ಏನು ಕಂಡಿತೋ ಗೊತ್ತಿಲ್ಲ.

"ಪಾಪ," ಎಂದರು. "ಅವಂಗ ಯಾರೂ ಒಳಗ ಕರೀವಲ್ರು."